ಹಳದಿ ಎಲೆಗೆ ಗೊಬ್ಬರ ಹಾಕುವ ಮುನ್ನ: ಸಾವಯವ ಕೈತೋಟದ ಪೋಷಕಾಂಶ ಲೆಕ್ಕ

ಎಲೆ ಹಳದಿಯಾದ ಕೂಡಲೇ ಬುಡಕ್ಕೆ ಎರಡು ಹಿಡಿ ಎರೆಗೊಬ್ಬರ ಸುರಿಯುವುದು ಕೈತೋಟಗಳಲ್ಲಿ ರೂಢಿಯಾಗಿಬಿಟ್ಟಿದೆ. ಎಷ್ಟೋ ಸಲ ಗಿಡಕ್ಕೆ ಬೇಕಿರುವುದು ಗೊಬ್ಬರವೇ ಅಲ್ಲ. ಬೇಕಾದದ್ದು ಮಣ್ಣಿನಲ್ಲಿ ಇರುತ್ತದೆ, ಬೇರಿಗೆ ಎಟುಕುತ್ತಿರುವುದಿಲ್ಲ. ಇನ್ನು ಕೆಲವು ಸಲ ಗೊಬ್ಬರ ಹಾಕಿರುತ್ತೀರಿ, ಆದರೆ ಅದರಲ್ಲಿ ಎಷ್ಟು ಗ್ರಾಂ ಸಾರಜನಕ ಇತ್ತು, ಅದರಲ್ಲಿ ಈ ಬೆಳೆಗೆ ಸಿಗುವುದೆಷ್ಟು ಎಂದು ಕೂಡಿಸಿ ನೋಡಿರುವುದಿಲ್ಲ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಬಂದರೆ ಗೊಬ್ಬರದ ಖರ್ಚೂ ಇಳಿಯುತ್ತದೆ, ಗಿಡವೂ ಉಳಿಯುತ್ತದೆ.

ಹಳದಿ ಎಲ್ಲಿಂದ ಶುರುವಾಯಿತು?

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುತ್ತವೆ. ಕೊರತೆ ಬಿದ್ದರೆ ಗಿಡ ಇವನ್ನು ಹಳೆಯ ಎಲೆಯಿಂದ ಹಿಂತೆಗೆದು ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಲಕ್ಷಣ ಮೊದಲು ಕಾಣುವುದು ಬುಡದ ಎಲೆಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್, ಮ್ಯಾಂಗನೀಸ್ ಒಮ್ಮೆ ಸೇರಿದ ಎಲೆಯಿಂದ ಸುಲಭವಾಗಿ ಕದಲುವುದಿಲ್ಲ. ಇವುಗಳ ಕೊರತೆ ಚಿಗುರಿನಲ್ಲಿ, ಎಳೆಕಾಯಿಯಲ್ಲಿ ಕಾಣುತ್ತದೆ. ಗಂಧಕ ಮತ್ತು ಸತು ಎರಡರ ನಡುವಿನವು, ಆದರೂ ಹೆಚ್ಚಾಗಿ ಮೇಲಿನ ಎಲೆಗಳಲ್ಲೇ ಪತ್ತೆಯಾಗುತ್ತವೆ.

ಬುಡದ ಎಲೆ ನರವೂ ಸೇರಿ ಪೂರ್ತಿ ಹಳದಿಯಾಗಿ, ಗಿಡವೆಲ್ಲ ಬಿಳಿಚಿಕೊಂಡಿದ್ದರೆ ಸಾರಜನಕ ಸಾಲದು. ಬುಡದ ಎಲೆಯ ನರಗಳು ಹಸಿರಾಗಿಯೇ ಇದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ. ಹಳೆಯ ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಷ್. ನರ ಹಸಿರು, ನಡುವೆ ಹಳದಿ ಎಂಬ ಅದೇ ಚಿತ್ರ ತುತ್ತತುದಿಯ ಚಿಗುರಲ್ಲಿ ಕಂಡರೆ ಮಾತ್ರ ಅದು ಕಬ್ಬಿಣ. ಸತುವಿನ ಕೊರತೆಯಲ್ಲಿ ಎಲೆ ಸಣ್ಣದಾಗಿ, ಗೆಣ್ಣುಗಳು ಹತ್ತಿರವಾಗಿ, ತುದಿ ಗೊಂಚಲು ಕಟ್ಟಿದಂತಾಗುತ್ತದೆ. ರಂಜಕದ ಕೊರತೆಗೆ ಹಳದಿ ಬರುವುದಿಲ್ಲ. ಗಿಡ ಕುಳ್ಳಾಗಿ ಎಲೆ ಗಾಢ ಹಸಿರಿಗೆ, ಅಡಿಭಾಗ ನೇರಳೆಗೆ ತಿರುಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಟೊಮೆಟೊ ಸಸಿಗಳಿಗೆ ಈ ನೇರಳೆ ಬಂದರೆ ಗಾಬರಿ ಬೇಡ. ತಣ್ಣನೆಯ ಮಣ್ಣಿನಲ್ಲಿ ಬೇರು ರಂಜಕವನ್ನು ಎಳೆದುಕೊಳ್ಳಲಾರದು, ಬಿಸಿಲೇರಿದರೆ ತಾನಾಗಿ ಸರಿಹೋಗುತ್ತದೆ.

ತೀರ್ಮಾನಕ್ಕೆ ಬರುವ ಮುನ್ನ ಎಲೆಯ ಅಡಿಭಾಗವನ್ನೂ ತಿರುಗಿಸಿ ನೋಡಿ. ಸಣ್ಣ ಚುಕ್ಕೆಗಳಾಗಿ ಬಿಳಿಚಿದ್ದು, ಅಡಿಯಲ್ಲಿ ತೆಳ್ಳನೆಯ ಬಲೆ ಇದ್ದರೆ ಅದು ಮೈಟ್ ನುಸಿ. ಹಳದಿ, ಹಸಿರು ತೇಪೆ ತೇಪೆಯಾಗಿ ಎಲೆ ಮುರುಟಿದ್ದರೆ ವೈರಸ್ಸಿನ ನಂಜು ರೋಗ. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ.

ಬೇರನ್ನು ನೋಡದೆ ಗೊಬ್ಬರ ಬೇಡ

ಒಂದು ಗಿಡವನ್ನಾದರೂ ಬುಡದ ಮಣ್ಣು ಕೆದಕಿ ನೋಡಿ. ಬೇರು ಕಂದಾಗಿ, ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ನೀರು ಹೆಚ್ಚಾಗಿ ಕೊಳೆತಿದೆ ಎಂದರ್ಥ. ಉಸಿರಾಡದ ಬೇರು ಏನನ್ನೂ ಹೀರದು. ಜೊತೆಗೆ ನೀರು ನಿಂತ ಮಣ್ಣಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಇಂಥ ಕುಂಡಕ್ಕೆ ಗೊಬ್ಬರ ಹಾಕಿದಷ್ಟೂ ನಷ್ಟ. ತಳದ ತೂತು ತೆರೆಯಿರಿ, ಮೇಲಿನ ಎರಡು ಇಂಚು ಮಣ್ಣು ಒಣಗುವ ತನಕ ನೀರು ನಿಲ್ಲಿಸಿ.

ಕೆಂಪು ಮಣ್ಣಿನ ಟೊಮೆಟೊ, ಬದನೆ, ಬೆಂಡೆಗಳಲ್ಲಿ ಇನ್ನೊಂದು ತೊಂದರೆ ಸಾಮಾನ್ಯ: ಬೇರುಗಂಟು ಜಂತುಹುಳು. ಗಿಡ ಮಧ್ಯಾಹ್ನ ಬಾಡುತ್ತದೆ, ಹಳದಿಯಾಗುತ್ತದೆ, ಎಷ್ಟು ಗೊಬ್ಬರ ಕೊಟ್ಟರೂ ಏಳುವುದಿಲ್ಲ. ಅಲಸಂದೆ, ಹುರುಳಿಯ ಬೇರಲ್ಲೂ ಗಂಟುಗಳಿರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ದ್ವಿದಳದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಬಿಡಿಸಲು ಬರುವುದಿಲ್ಲ. ಆ ಮಡಿಯಲ್ಲಿ ಮುಂದಿನ ಬೆಳೆಯಾಗಿ ಚೆಂಡುಹೂ ಹಾಕಿ, ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಸೇರಿಸಿ.

ಚಿಗುರು ಬಿಳಿಚುವ ಕರಿಬೇವು, ದಾಸವಾಳ, ಗುಲಾಬಿ

ಬೆಂಗಳೂರು, ಕೋಲಾರದ ಕಡೆ ಕೊಳವೆಬಾವಿಯ ಗಡಸು ನೀರು ಕುಡಿಯುವ ಕುಂಡಗಳಲ್ಲಿ ಮತ್ತು ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣಿನಲ್ಲಿ ಇದು ಮಾಮೂಲು ದೂರು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಆದರೆ ರಸಸಾರ, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್, 7.5 ದಾಟಿದರೆ ಕಬ್ಬಿಣ ಕರಗದ ರೂಪಕ್ಕೆ ಹೋಗುತ್ತದೆ. ಗಡಸು ನೀರಿನ ಬೈಕಾರ್ಬೊನೇಟ್ ವಾರ ವಾರಕ್ಕೂ ರಸಸಾರವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಹೆಚ್ಚಿನ ತರಕಾರಿಗೆ ಹಿತವಾದ ರಸಸಾರ 6ರಿಂದ 7.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣ ಮಣ್ಣಿನ ಒಂದು ಚಮಚದ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸ್ಸೆಂದು ನೊರೆ ಬಂದರೆ ಸುಣ್ಣದಂಶ ಇದೆ, ರಸಸಾರ ಏರಿದೆ. ನೊರೆ ಬರಲಿಲ್ಲವೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ, ಸುಣ್ಣದಂಶ ಹೆಚ್ಚಿಲ್ಲ ಎಂದಷ್ಟೇ. ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅದೂ ಸುಳಿವು.

ಕಾಯಂ ಪರಿಹಾರವೆಂದರೆ ನೀರು ಬದಲಿಸುವುದು. ಈ ಮೂರ್ನಾಲ್ಕು ಗಿಡಗಳಿಗಾದರೂ ಮಳೆನೀರು ಹಿಡಿದಿಡಿ. 20 ಲೀಟರಿನ ಕುಂಡದ ಮೇಲ್ಮಣ್ಣಿಗೆ 5 ಗ್ರಾಂ ಗಂಧಕದ ಪುಡಿ ಕಲಸಿ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಬೇಕು, ಅದಕ್ಕೆ ಎರಡು ತಿಂಗಳಾದರೂ ಬೇಕು. ಆತುರಪಟ್ಟು ಪ್ರಮಾಣ ಏರಿಸಬೇಡಿ. ಅಲ್ಲಿಯವರೆಗೆ ಗಿಡ ತಡೆಯಲು, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ, ಮೂರು ಸಲ. ನಿಂಬೆ ಯಾಕೆಂದರೆ ಗಡಸು ನೀರಿನಲ್ಲಿ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿ ತಳ ಸೇರುತ್ತದೆ, ಹುಳಿ ಅದನ್ನು ತಡೆಯುತ್ತದೆ. ಕರಗಿಸಿದ ನೀರು ಕಂದಾದರೆ ಚೆಲ್ಲಿ ಹೊಸದು ಮಾಡಿಕೊಳ್ಳಿ. ಸಿಂಪಡಣೆಯ ಕರಿಬೇವನ್ನು ಹತ್ತು ದಿನ ಒಗ್ಗರಣೆಗೆ ಕೀಳಬೇಡಿ.

ಕರಿಬೇವಿಗೆ ಹುಳಿ ಮಜ್ಜಿಗೆ ಹೊಯ್ಯುವ ಪದ್ಧತಿ ತಪ್ಪೇನಲ್ಲ. ಅದರ ಪ್ರೋಟೀನಿನಿಂದ ತುಸು ಸಾರಜನಕ ಸಿಗುತ್ತದೆ, ಹುಳಿಯೂ ಸ್ವಲ್ಪ ನೆರವಾಗುತ್ತದೆ. ದಿನವೂ ಗಡಸು ನೀರು ಕುಡಿಯುವ ಕುಂಡದ ರಸಸಾರ ಇಳಿಸುವಷ್ಟು ಶಕ್ತಿ ಅದಕ್ಕಿಲ್ಲ, ಅಷ್ಟೇ. ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಬೇಡವೇ ಬೇಡ.

ಸಾರಜನಕದ ಜಮಾಖರ್ಚು

ಇದೇ ಮುಖ್ಯ ಭಾಗ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5. ಮಾರುಕಟ್ಟೆಯ ಹಸಿ ಎರೆಗೊಬ್ಬರದಲ್ಲಿ ಶೇ 1 ಎಂದು ಹಿಡಿಯುವುದು ಕ್ಷೇಮ. ಹೊಂಗೆ ಮತ್ತು ಹರಳು ಹಿಂಡಿಯಲ್ಲಿ ಶೇ 4ರ ಆಸುಪಾಸು, ಬೇವಿನ ಹಿಂಡಿಯಲ್ಲಿ ಶೇ 5, ಕಡಲೆಕಾಯಿ ಹಿಂಡಿಯಲ್ಲಿ ಶೇ 7. ಕುರಿ ಗೊಬ್ಬರ ಚೆನ್ನಾಗಿ ಒಣಗಿದ್ದರೆ ಶೇ 2ರಿಂದ 3. ಆದರೆ ಇವೆಲ್ಲ ಒಟ್ಟು ಸಾರಜನಕ. ಅದು ಸೂಕ್ಷ್ಮಜೀವಿಗಳ ಕೈಯಲ್ಲಿ ಅಮೋನಿಯಂ, ಆಮೇಲೆ ನೈಟ್ರೇಟ್ ಆದ ಮೇಲಷ್ಟೇ ಬೇರಿಗೆ ದಕ್ಕುತ್ತದೆ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರಗಳಿಂದ ಮೊದಲ ಬೆಳೆಗೆ ಮೂರರಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಹಿಂಡಿಗಳು ಬೇಗ ಕಳಿಯುತ್ತವೆ, ಎರಡು ಮೂರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿಡುತ್ತವೆ.

ತಾರಸಿಯ ಒಂದು ಟೊಮೆಟೊ ಗಿಡವನ್ನೇ ತೆಗೆದುಕೊಳ್ಳಿ. ಎಲೆ, ಕಾಂಡ ಎಲ್ಲ ಸೇರಿ ಒಂದು ಕೆ.ಜಿ. ಹಣ್ಣಿನ ಹಿಂದೆ ಸುಮಾರು 2.5ರಿಂದ 3 ಗ್ರಾಂ ಸಾರಜನಕ ಖರ್ಚಾಗುತ್ತದೆ. ಮೂರು ಕೆ.ಜಿ. ಹಣ್ಣು ಬೇಕೆಂದರೆ 8ರಿಂದ 9 ಗ್ರಾಂ. 20 ಲೀಟರಿನ ಚೀಲಕ್ಕೆ ಒಂದೂವರೆ ಕೆ.ಜಿ. ಎರೆಗೊಬ್ಬರ ಕಲಸಿದರೆ ಒಟ್ಟು 15 ಗ್ರಾಂ ಬಂತು, ಈ ಬೆಳೆಗೆ ದಕ್ಕುವುದು 5. ನಾಟಿಗೆ ಹದಿನೈದು ದಿನ ಮೊದಲು 60 ಗ್ರಾಂ ಬೇವಿನ ಹಿಂಡಿ ಸೇರಿಸಿದರೆ ಇನ್ನೊಂದು 2 ಗ್ರಾಂ ಸಿಗುತ್ತದೆ. ಉಳಿದ 2 ಗ್ರಾಂ ಕಾಯಿ ಕಟ್ಟುವ ಕಾಲಕ್ಕೆ ಹಿಂಡಿ ನೀರಿನಿಂದ ಬರಬೇಕು. ಬರೀ ಎರಡು ಹಿಡಿ ಎರೆಗೊಬ್ಬರದ ಮೇಲೆ ಟೊಮೆಟೊ ನೆಟ್ಟವರ ಗಿಡ ಮೊದಲ ಗೊಂಚಲಿನ ನಂತರ ಬುಡದಿಂದ ಹಳದಿಯಾಗುವುದು ಇದಕ್ಕೇ.

ಹಿಂಡಿ ನೀರು ಮಾಡುವುದು ಹೀಗೆ: ಒಂದು ಕೆ.ಜಿ. ಕಡಲೆಕಾಯಿ ಹಿಂಡಿಯನ್ನು 10 ಲೀಟರ್ ನೀರಲ್ಲಿ ನೆನೆಹಾಕಿ, ಬಟ್ಟೆ ಕಟ್ಟಿ ನೆರಳಲ್ಲಿಡಿ, ದಿನಕ್ಕೆರಡು ಸಲ ಕೋಲಿನಿಂದ ತಿರುವಿ. ನಾಲ್ಕನೆಯ ದಿನ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಒದ್ದೆ ಮಣ್ಣಿನ ಮೇಲೆ ಗಿಡಕ್ಕೆ ಅರ್ಧ ಲೀಟರ್ ಕೊಡಿ. ಹಿಂಡಿಯಲ್ಲಿದ್ದದ್ದೆಲ್ಲ ನೀರಿಗಿಳಿದರೂ ಒಂದು ಸಲಕ್ಕೆ ಸಿಗುವುದು 0.3 ಗ್ರಾಂ ಚಿಲ್ಲರೆ. ವಾರಕ್ಕೊಮ್ಮೆಯಂತೆ ಎಂಟು ವಾರ ಕೊಟ್ಟರೆ ನಮ್ಮ 2 ಗ್ರಾಂ ತುಂಬುತ್ತದೆ. ವಾಸನೆ ಸಹಿಸಲಾಗದಷ್ಟು ಬಂದರೆ ತಿರುವಿದ್ದು ಸಾಲದು. ಸೋಸಿದ ಗಷ್ಟವನ್ನು ಕಾಂಪೋಸ್ಟಿಗೆ ಹಾಕಿ, ಬುಡಕ್ಕೆ ಹಾಕಿದರೆ ಇಲಿ, ಇರುವೆ ಮುತ್ತುತ್ತವೆ. ಹಿಂಡಿಯ ಪುಡಿಯನ್ನು ಒಣದಾಗಿ ಕಾಂಡಕ್ಕೆ ತಾಗಿಸಿ ಹಾಕಿದರೂ ತೊಂದರೆಯೇ. ಕಳಿಯುವಾಗಿನ ಅಮೋನಿಯಾ ಎಳೆ ಬೇರನ್ನು ಸುಡುತ್ತದೆ.

ಗೊಬ್ಬರ ಹಾಕಿಯೂ ಸಾರಜನಕ ಕಡಿಮೆಯಾಗುವುದುಂಟು. ಇಂಗಾಲ, ಸಾರಜನಕದ ಅನುಪಾತ 30ಕ್ಕಿಂತ ಹೆಚ್ಚಿರುವ ವಸ್ತು ಮಣ್ಣಿಗೆ ಬೆರೆತರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಮಣ್ಣಿನ ಸಾರಜನಕವನ್ನೇ ಕಸಿಯುತ್ತವೆ. ಭತ್ತದ ಹುಲ್ಲಿನಲ್ಲಿ ಈ ಅನುಪಾತ 60ರಿಂದ 80, ತೆಂಗಿನ ನಾರಿನ ಪುಡಿಯಲ್ಲಿ (ಕೋಕೋಪೀಟ್) 100ರ ಮೇಲೆ, ಮರದ ಹೊಟ್ಟಿನಲ್ಲಿ ಅದಕ್ಕೂ ಎಷ್ಟೋ ಪಟ್ಟು. ಸಗಣಿಯಲ್ಲಿ 20ರಿಂದ 25, ಗ್ಲಿರಿಸಿಡಿಯಾದಂಥ ಹಸಿ ಸೊಪ್ಪಿನಲ್ಲಿ 20ಕ್ಕೂ ಕಡಿಮೆ. ಅರ್ಧಕ್ಕರ್ಧ ಕೋಕೋಪೀಟ್ ತುಂಬಿದ ಚೀಲದಲ್ಲಿ ಸೊಪ್ಪು ಮೇಲೇಳದಿರುವುದಕ್ಕೆ ಒಂದು ಕಾರಣ ಇದು. ಕೋಕೋಪೀಟ್ ನೀರು ಹಿಡಿಯುತ್ತದೆ, ಆಹಾರ ಕೊಡುವುದಿಲ್ಲ. ಚೀಲದ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಒಣ ಎಲೆ, ಹುಲ್ಲು ಮೇಲೆ ಮುಚ್ಚಿಗೆಯಾಗಿ ಹರಡಿದ್ದರೆ ಅಂಥ ತೊಂದರೆಯಿಲ್ಲ, ಮಣ್ಣಿನೊಳಗೆ ಕಲಸಿದಾಗಲೇ ಕಾಟ.

ಜೀವಾಮೃತ ಎಷ್ಟು ಕೊಡುತ್ತದೆ?

ಶೂನ್ಯ ಬಂಡವಾಳ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಜನಪ್ರಿಯಗೊಳಿಸಿದ ಜೀವಾಮೃತದ ಪ್ರಮಾಣ ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ಹಸಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇದರ ಸಾರಜನಕ ಕೂಡಿಸಿ: ಸಗಣಿಯಿಂದ 30, 40 ಗ್ರಾಂ, ಹಿಟ್ಟಿನಿಂದ 70 ಗ್ರಾಂ, ಗಂಜಲದಿಂದ ಹೆಚ್ಚೆಂದರೆ 100 ಗ್ರಾಂ. ಒಂದು ಎಕರೆಗೆ ಸುಮಾರು 200 ಗ್ರಾಂ. ಅದೇ ಎಕರೆಯಲ್ಲಿ 10 ಟನ್ ಟೊಮೆಟೊ ಬೆಳೆಯಲು 25ರಿಂದ 30 ಕೆ.ಜಿ. ಬೇಕು. ಹಾಗಾದರೆ ಜೀವಾಮೃತ ಗೊಬ್ಬರವಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕೊಡುವ ಹೆಪ್ಪು. ಹೆಪ್ಪು ಹಾಕಲು ಹಾಲು ಇರಬೇಕಲ್ಲ? ಸಾವಯವ ಅಂಶ ಇರುವ, ಮುಚ್ಚಿಗೆ ಹೊದ್ದ ಮಡಿಗೆ ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡಿ. ಬರಡು ಮಣ್ಣು, ಬರೀ ಕೋಕೋಪೀಟಿನ ಚೀಲಕ್ಕೆ ಇದೊಂದನ್ನೇ ನಂಬಿ ಕೂತರೆ ಗಿಡ ಹಸಿದೇ ಇರುತ್ತದೆ.

ಪೊಟ್ಯಾಷ್, ರಂಜಕ, ಬೂದಿ

ಪೊಟ್ಯಾಷ್ ವಿಷಯ ಸಲೀಸು. ಗೊಬ್ಬರದಲ್ಲಿ ಅದು ನೀರಲ್ಲಿ ಕರಗುವ ರೂಪದಲ್ಲೇ ಇರುವುದರಿಂದ ಹೆಚ್ಚುಕಡಿಮೆ ಎಲ್ಲವೂ ಬೇಗ ಸಿಗುತ್ತದೆ. ಮೇಲಿನ ಟೊಮೆಟೊ ಚೀಲದ ಎರೆಗೊಬ್ಬರವೇ ಬಹುಪಾಲು ಸಾಕು. ಬಾಳೆಹಣ್ಣಿನ ಸಿಪ್ಪೆ ನೆನೆಹಾಕಿದ ನೀರಿನ ಬಗ್ಗೆ ಇರುವ ಉತ್ಸಾಹಕ್ಕೆ ತಕ್ಕ ಫಲ ಅದರಲ್ಲಿಲ್ಲ, ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕಿ.

ಸುಲಭವಾಗಿ ಕರಗುವುದು ಸುಲಭವಾಗಿ ತೊಳೆದೂ ಹೋಗುತ್ತದೆ. ಕರಾವಳಿಯ ಮುರಮಣ್ಣಿನಲ್ಲಿ ಜೂನ್ ಮಳೆಗೆ ಮೊದಲೇ ಎಲ್ಲ ಗೊಬ್ಬರ ಹಾಕಿಬಿಟ್ಟರೆ ಪೊಟ್ಯಾಷ್, ಬೋರಾನ್ ಹಳ್ಳ ಸೇರುತ್ತವೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕೆಂಬುದು ಶಿಫಾರಸು. ಅಲ್ಲಿ ಹೆಚ್ಚು ಬೇಕಾದದ್ದು ಪೊಟ್ಯಾಷೇ. ಸೊಪ್ಪು, ಗೊಬ್ಬರದ ದೊಡ್ಡ ಪಾಲನ್ನು ಮಳೆ ಇಳಿದ ಮೇಲೆ, ಸೆಪ್ಟೆಂಬರಿನಿಂದಾಚೆಗೆ ಕೊಡಿ.

ಸೌದೆ ಒಲೆಯ ಬೂದಿಯಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಅದಕ್ಕಿಂತ ಹೆಚ್ಚಾಗಿ ಸುಣ್ಣದಂಶ ಇದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಚದರ ಮೀಟರಿಗೆ ಒಂದು ಹಿಡಿ ಒಳ್ಳೆಯದು. ಎರೆಮಣ್ಣಿಗೂ ಗಡಸು ನೀರಿನ ಕುಂಡಕ್ಕೂ ಬೇಡ. ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಗಂಜಲ, ಕೋಳಿಗೊಬ್ಬರ, ಹಸಿ ಸಗಣಿಯ ಜೊತೆ ಕಲಸಬೇಡಿ. ಮೂಗಿಗೆ ಘಾಟು ಬಡಿಯಿತೆಂದರೆ ನಿಮ್ಮ ಸಾರಜನಕ ಅಮೋನಿಯಾ ಆಗಿ ಹಾರಿತು. ಎರಡರ ನಡುವೆ ಮೂರು ವಾರ ಬಿಡಿ. ಪೊಟ್ಯಾಷ್ ಅತಿಯಾದರೆ ಮೆಗ್ನೀಸಿಯಂ ಹೀರಿಕೆಗೆ ಅಡ್ಡ. ಬೂದಿ ಸುರಿದ ಮಡಿಯಲ್ಲಿ ಬುಡದೆಲೆಯ ನರಗಳ ನಡುವೆ ಹಳದಿ ಬಂದರೆ ಬೂದಿ ನಿಲ್ಲಿಸಿ, ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ.

ಮೂಳೆ ಪುಡಿ, ಶಿಲಾರಂಜಕ (ರಾಕ್ ಫಾಸ್ಫೇಟ್) ಎರಡೂ ಹುಳಿ ಮಣ್ಣಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಧಾರವಾಡ, ವಿಜಯಪುರದ ಎರೆಮಣ್ಣಿಗೆ ಶಿಲಾರಂಜಕ ಹಾಕುವುದು ಕಲ್ಲು ಹಾಕಿದ ಹಾಗೆಯೇ. ವರ್ಷಗಟ್ಟಲೆ ಎರೆಗೊಬ್ಬರ ತಿಂದ ಕುಂಡದಲ್ಲಿ ರಂಜಕ ಆಗಲೇ ಮಿಗಿಲಾಗಿರುತ್ತದೆ. ಇನ್ನೂ ಸೇರಿಸಿದರೆ ಸತು, ಕಬ್ಬಿಣ ಸಿಗದಂತಾಗುತ್ತವೆ.

ಟೊಮೆಟೊ ತಳ ಕಪ್ಪಾದರೆ ಮೊಟ್ಟೆ ಸಿಪ್ಪೆ ಪರಿಹಾರವಲ್ಲ

ಕಾಯಿಯ ತೊಟ್ಟಿಗೆ ಎದುರಾದ ತುದಿಯಲ್ಲಿ ಒಣ, ಕಪ್ಪು, ಚಪ್ಪಟೆ ಕಲೆ ಬಂದರೆ ಆ ಭಾಗಕ್ಕೆ ಕ್ಯಾಲ್ಸಿಯಂ ತಲುಪಿಲ್ಲ ಎಂದರ್ಥ. ಕ್ಯಾಲ್ಸಿಯಂ ನೀರಿನ ಜೊತೆ ಮಾತ್ರ ಮೇಲೇರುತ್ತದೆ. ಎಲೆಗಳು ಹೆಚ್ಚು ನೀರು ಆವಿಯಾಗಿಸುವುದರಿಂದ ಪಾಲೆಲ್ಲ ಅವಕ್ಕೇ, ಕಾಯಿಗೆ ಉಳಿದದ್ದು. ಎರಡು ದಿನ ಒಣಗಿಸಿ ಮೂರನೆಯ ದಿನ ಬಕೆಟ್ ಸುರಿಯುವ ಕುಂಡದಲ್ಲಿ ಇದು ಕಟ್ಟಿಟ್ಟ ಬುತ್ತಿ. ಗಡಸು ನೀರಿನ ಊರಲ್ಲಿ ಕ್ಯಾಲ್ಸಿಯಂ ಕೊರತೆ ಇರುವುದೇ ಅಪರೂಪ, ಅಲ್ಲೂ ಈ ಕಲೆ ಬರುತ್ತದೆ. ಮೊಟ್ಟೆ ಸಿಪ್ಪೆ ಎಷ್ಟು ನುಣ್ಣಗೆ ಬೀಸಿದರೂ ಕರಗಲು ತಿಂಗಳುಗಳೇ ಬೇಕು, ಅದೂ ಹುಳಿ ಮಣ್ಣಿನಲ್ಲಿ. ಮಾಡಬೇಕಾದದ್ದು ಇಷ್ಟು: ಎರಡು ಇಂಚು ಮುಚ್ಚಿಗೆ, ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಸಮನಾಗಿ ನೀರು, ಹಿಂಡಿ ನೀರಿಗೆ ಎರಡು ವಾರ ವಿರಾಮ, ಕೆಟ್ಟ ಕಾಯಿ ಕಿತ್ತುಹಾಕುವುದು. ಮುರಮಣ್ಣಿನ ಮಡಿಯಾದರೆ ನಾಟಿಗೆ ತಿಂಗಳು ಮೊದಲು ಚದರ ಮೀಟರಿಗೆ 100ರಿಂದ 200 ಗ್ರಾಂ ಕೃಷಿ ಸುಣ್ಣ.

ಕಣ್ಣಿಗೆ ಕಾಣದ ಕೊರತೆಗೆ ಮಣ್ಣು ಪರೀಕ್ಷೆ

2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದಿನ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ, ಕರ್ನಾಟಕದ ಮಳೆಯಾಶ್ರಿತ ಜಮೀನುಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಅದೇ ಜಮೀನಿನ ಹುಲ್ಲು ತಿಂದ ದನದ ಗೊಬ್ಬರದಲ್ಲೂ ಇವು ಕಡಿಮೆಯೇ. ಪರಂಗಿ ಕಾಯಿ ಗಂಟುಗಂಟಾಗುವುದು, ಹೂಕೋಸಿನ ಕಾಂಡ ಟೊಳ್ಳಾಗಿ ಗಡ್ಡೆ ಕಂದಾಗುವುದು ಬೋರಾನ್ ಕೊರತೆಯ ಗುರುತು. ಚದರ ಮೀಟರಿಗೆ 1 ಗ್ರಾಂ ಬೋರಾಕ್ಸ್ ಸಾಕು, ನೀರಲ್ಲಿ ಕರಗಿಸಿ ಸಮನಾಗಿ ಚಿಮುಕಿಸಿ. ಬೋರಾನಿನಲ್ಲಿ ಸಾಕಾಗುವುದಕ್ಕೂ ವಿಷವಾಗುವುದಕ್ಕೂ ಅಂತರ ಬಹಳ ಕಡಿಮೆ, ಚಮಚದಲ್ಲಿ ಅಂದಾಜು ಮಾಡಬೇಡಿ, ತೂಕ ಮಾಡಿ. ಸತುವಿಗೆ ಚದರ ಮೀಟರಿಗೆ 2.5 ಗ್ರಾಂ ಸತುವಿನ ಸಲ್ಫೇಟ್, ಗಂಧಕಕ್ಕೆ 20 ಗ್ರಾಂ ಜಿಪ್ಸಂ. ಸಾವಯವ ದೃಢೀಕರಣ ಪಡೆದವರು ಇವನ್ನು ಬಳಸುವ ಮುನ್ನ ಕೊರತೆಯ ದಾಖಲೆ ಇಟ್ಟುಕೊಂಡು ದೃಢೀಕರಣ ಸಂಸ್ಥೆಯನ್ನು ಕೇಳಬೇಕು. ಅದಕ್ಕೂ ಮಣ್ಣು ಪರೀಕ್ಷೆಯ ವರದಿಯೇ ಆಧಾರ.

ಮಾದರಿ ತೆಗೆಯುವುದರಲ್ಲೇ ಹೆಚ್ಚು ಎಡವಟ್ಟಾಗುತ್ತದೆ. ಗೊಬ್ಬರ ಹಾಕಿ ತಿಂಗಳಾದರೂ ಆಗಿರಬೇಕು. ಗೊಬ್ಬರದ ಗುಂಡಿ, ಬದು, ಮರದ ಬುಡ ಬಿಟ್ಟು ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ. ಅದರ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಪದರ ಕೆತ್ತಿಕೊಳ್ಳಿ. ತುಕ್ಕು ಹಿಡಿದ ಗುದ್ದಲಿ, ಸತುವಿನ ಲೇಪದ ಬಕೆಟ್ ಬಳಸಿದರೆ ಲಘು ಪೋಷಕಾಂಶದ ಅಂಕಿ ಕೆಡುತ್ತದೆ, ಪ್ಲಾಸ್ಟಿಕ್ ಬಕೆಟ್ ಇರಲಿ. ಎಲ್ಲ ಕಲಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಗೆ ಕೊಡಬಹುದು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ವರದಿಯಲ್ಲಿ ಮೊದಲು ರಸಸಾರ ನೋಡಿ, ಆಮೇಲೆ ಲವಣಾಂಶದ (ಇ.ಸಿ., dS/m) ಸಾಲು. ಅದು 1ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆ, 0.75 ದಾಟಿದ್ದರೆ ಚೆನ್ನಾಗಿದೆ. ಸತು 0.6 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು), ಬೋರಾನ್ 0.5 ಪಿಪಿಎಂ ಮುಟ್ಟದಿದ್ದರೆ ಮಾತ್ರ ಮೇಲೆ ಹೇಳಿದ ಪ್ರಮಾಣ ಕೊಡಿ. ಕುಂಡದ ಮಣ್ಣಿನಲ್ಲಿ ಲವಣಾಂಶ ಹೆಚ್ಚು ಬಂದರೆ ಗೊಬ್ಬರ ನಿಲ್ಲಿಸಿ, 20 ಲೀಟರಿನ ಕುಂಡಕ್ಕೆ 40 ಲೀಟರ್ ಮಳೆನೀರನ್ನು ಎರಡು ಗಂಟೆಯ ಅವಧಿಯಲ್ಲಿ ನಿಧಾನವಾಗಿ ಹೊಯ್ದು ತಳದಿಂದ ಹರಿಯಬಿಡಿ. ಉಪ್ಪಿನ ಜೊತೆ ನೈಟ್ರೇಟೂ ಹೋಗಿರುತ್ತದೆ, ಹಾಗಾಗಿ ವಾರ ಬಿಟ್ಟು ಹಿಂಡಿ ನೀರು ಒಂದು ಸಲ ಕೊಡಿ.